ಲೈಪೇಸ್ ರಿಪೋರ್ಟು

ರಕ್ತದಲ್ಲಿ ನೂರೈವತ್ತರೊಳಗೆ ಇರಬೇಕಾದ ಲೈಪೇಸ್ ಎರಡು ಸಾವಿರ ದಾಟಿತ್ತು. ಇಂಥ ರಿಪೋರ್ಟು ಬಂದರೆ ಕಾಗದಕ್ಕೆ ಕಾಯದೆ ವಾರ್ಡಿಗೆ ಫೋನ್ ಮಾಡಬೇಕೆಂಬುದು ಆಸ್ಪತ್ರೆಯ ಕಟ್ಟಳೆ. ಅವಳು ಲ್ಯಾಬಿನ ಸ್ಟೂಲಿನ ಮೇಲೆ ಮುಂದಕ್ಕೆ ಬಾಗಿ ಕೂತು ಫೋನ್ ಎತ್ತಿಕೊಂಡಳು.

ದನಿ ಕೇಳುತ್ತಲೇ ನರ್ಸು, “ಹೇಳಿ ಲ್ಯಾಬ್ ಮೇಡಂ,” ಎಂದಳು.

“ಪ್ಯಾಂಕ್ರಿಯಾಸ್ ಊದ್ಕೊಂಡಿರೋ ಹಾಗಿದೆ ಸಿಸ್ಟರ್. ಒಂದು ಬೆಡ್ ಬೇಕು.”

“ನೋವು ಯಾವಾಗಿಂದ ಅಂತೆ?”

“ಬೆಳಗಿಂದ. ಬೆನ್ನಿಗೂ ಹೊಡೀತಿದೆ.”

“ಏನೂ ತಿನ್ನಬಾರದು ಅಂತ ಹೇಳಿಬಿಡಿ. ಜೊತೆಗೆ ಯಾರಿದ್ದಾರೆ?”

“ಯಾರೂ ಇಲ್ಲ.”

“ಮನೆಗೆ ಫೋನ್ ಮಾಡಿಸಿ.”

ಅವಳು ಮುಚ್ಚಳ ತೆಗೆಯದ ಊಟದ ಡಬ್ಬಿಯನ್ನು ಪಕ್ಕಕ್ಕೆ ಸರಿಸಿದಳು. “ಮನೇಲೂ ಯಾರೂ ಇಲ್ಲ.”

“ಹೆಸರು ಹೇಳಿ, ಬರ್ಕೋತೀನಿ.”

ಮೊಣಕೈ ಸಂದಿಗೆ ತಾನೇ ಒತ್ತಿಕೊಂಡಿದ್ದ ಹತ್ತಿಯನ್ನು ತೆಗೆದೆಸೆದು, ಹದಿನೆಂಟು ವರ್ಷದಿಂದ ಆ ವಾರ್ಡಿಗೆ ಹೋದ ಒಂದೊಂದು ರಿಪೋರ್ಟಿನ ಕೆಳಗೂ ಬರೆಯುತ್ತ ಬಂದಿದ್ದ ತನ್ನ ಹೆಸರನ್ನು ಅವಳು ಹೇಳಿದಳು. “ಕಾತ್ಯಾಯಿನಿ.”

ನರ್ಸು ನಿಧಾನವಾಗಿ ಬರೆದುಕೊಂಡಳು.

“ಪಾಪ, ಕಾತ್ಯಾಯಿನಿಯವರನ್ನ ಒಬ್ಬರನ್ನೇ ಕಳಿಸಬೇಡಿ ಮೇಡಂ. ನೀವೇ ಸ್ವಲ್ಪ ಜೊತೆಗೆ ಬಂದುಬಿಡಿ.”