ಹೆಬ್ಬೆರಳಿನಷ್ಟು ಸೌಂಡ್ ಕಾರ್ಡ್

ಸ್ನಾನ, ಪೂಜೆ ಮುಗಿಯಿತೇ? ಹಾಗಾದರೆ ಒಂದು ಗಳಿಗೆ ಕುಳಿತು ಇದನ್ನು ನಿಧಾನವಾಗಿ ಓದಿ...

ಲಕ್ಷ್ಮೇಶ್ವರದ ಒಂದು ಓಣಿ. ಒಂದೇ ಗೋಡೆಯ ಈಚೆ ಗಂಗಾಂಬಿಕಾ, ಆಚೆ ಶಿವಲೀಲಾ. ಇಬ್ಬರೂ ಅಕ್ಕನ ಬಳಗದಲ್ಲಿ ವಚನ ಹಾಡುವವರು.

ಗಂಗಾಂಬಿಕಾ ಹಾಡಿದರೆ ಮೈಕ್ ಬೇಕಿರಲಿಲ್ಲ... ಮಠದ ಅಂಗಳದ ಕೊನೆಯ ಸಾಲಿಗೂ ಕೇಳುತ್ತಿತ್ತು.

ಆ ವರ್ಷ ಮಠದ ಸ್ವಾಮಿಗಳಾದ ಅಜ್ಜಾರು ಬಳಗದವರಿಗೆ ಹೇಳಿದರು: "ಶ್ರಾವಣದಾಗ ದಿನಾ ಮುಂಜಾನೆ ಸ್ಪೀಕರಿನಾಗ ವಚನ ಹಚ್ಚೂಣು. ಮನ್ಯಾಗ ರೆಕಾರ್ಡ್ ಮಾಡಿ ಅಮಾಸಿ ಒಳಗ ಕಳಸ್ರವಾ. ಛಲೋ ಬಂದದ್ದನ್ನ ತಿಂಗಳೆಲ್ಲಾ ಹಾಕೂಣು."

ತಿಂಗಳೆಲ್ಲಾ ಮೊಳಗುವ ದನಿ ತನ್ನದೇ ಎಂದು ಗಂಗಾಂಬಿಕಾ ಅಂದೇ ನಿಶ್ಚಯಿಸಿಬಿಟ್ಟಳು.

ಆದರೆ ಗಂಡನ ಹಳೆಯ ಕಂಪ್ಯೂಟರಿಗೆ ಮೈಕ್ ಸಿಕ್ಕಿಸಿ ಎಷ್ಟು ಸಲ ರೆಕಾರ್ಡ್ ಮಾಡಿದರೂ ದನಿಗಿಂತ ಗುಂಯ್ ಎನ್ನುವ ಸದ್ದೇ ಮುಂದೆ...

ಅದೇ ವಾರ ಬಳಗದ ವಾಟ್ಸಾಪ್ ಗ್ರೂಪಿನಲ್ಲಿ ಶಿವಲೀಲಾಳ ವಚನ ಬಂತು. ಕೊಳದ ತಿಳಿನೀರಿನಂಥ ದನಿ! ಎಲ್ಲರೂ ಕೈಮುಗಿದ ಚಿತ್ರ ಹಾಕಿದರು. ಗಂಗಾಂಬಿಕಾ ಹಾಕಲಿಲ್ಲ.

ಮರುದಿನ ಆಚೆ ಮನೆಗೆ ಹೋದಳು. "ಅದೇನ ಹಚ್ಚಿ ರೆಕಾರ್ಡ್ ಮಾಡೀಯವಾ ತಂಗಿ?"

ಶಿವಲೀಲಾ ಹೆಬ್ಬೆರಳಿನಷ್ಟು ಸಣ್ಣ ವಸ್ತುವೊಂದನ್ನು ತೋರಿಸಿದಳು.

"ಯುಎಸ್‌ಬಿ ಸೌಂಡ್ ಕಾರ್ಡ್ ಅಕ್ಕಾ. ಒಂದ್ ತೂತು ಮೈಕಿಗೆ, ಒಂದ್ ತೂತು ಹೆಡ್‌ಫೋನಿಗೆ. ನಿಮ್ಮ ಕಂಪ್ಯೂಟರ್ ಯಾವ್ದು, ಮೈಕಿನ ಪಿನ್ ಎಂಥಾದ್ದು... ಅದನ್ನ ನೋಡಿ ತಗೋಬೇಕು. ನಾ ಬಂದು ನೋಡ್ಲೇನು?"

ಅವಳು ಅಷ್ಟನ್ನೂ ಪಿಸುದನಿಯಲ್ಲೇ ಹೇಳಿದಳು.

ಗಂಗಾಂಬಿಕಾಗೆ ಒಳಗೊಳಗೇ ಅನುಮಾನ... "ಇಷ್ಟ್ ಸಣ್ಣದರಾಗ ಆ ದನಿ ಬರ್ತೈತೇನು? ಖರೇದ್ದನ್ನ ಒಳಗ ಮುಚ್ಚಿಟ್ಟಾಳ. ಅದಕ್ಕ ಬಾಯಿ ಬಿಚ್ಚಿ ಮಾತಾಡವಲ್ಲಳು!"

ಅಂದಿನಿಂದ ಅವಳಿಗೆ ಊಟ ರುಚಿಸಲಿಲ್ಲ. ಪೂಜೆಗೆ ಕುಳಿತರೆ ಅಂಗೈಯಲ್ಲಿ ಲಿಂಗ... ಕಿವಿ ಮಾತ್ರ ಗೋಡೆಯ ಆಚೆ.

ಕೊನೆಗೆ ಹುಬ್ಬಳ್ಳಿಯ ಅಂಗಡಿಗೇ ಹೋದಳು.

"ಯಾವ ಕಂಪ್ಯೂಟರಿಗೆ ಬೇಕ್ರೀ ಅಕ್ಕಾರ?" ಅಂಗಡಿಯವನು ಕೇಳಿದ.

"ಅದೆಲ್ಲಾ ನಿನಗ್ಯಾಕಪಾ? ಅಗದೀ ದೊಡ್ಡದು ಕೊಡು!"

ಸಾಲುಸಾಲು ಗುಂಡಿಗಳಿದ್ದ ಭಾರದ ಕಾರ್ಡ್ ಮನೆಗೆ ಬಂತು. ಅವಳ ಮೈಕಿನ ಪಿನ್ ಸಣ್ಣದು, ಅದರ ತೂತು ದೊಡ್ಡದು. ಕಂಪ್ಯೂಟರ್ ಅದನ್ನು ಗುರುತಿಸಲೂ ಇಲ್ಲ.

ಲಗ್ನಪತ್ರಿಕೆ ಟೈಪ್ ಮಾಡುತ್ತಿದ್ದ ಗಂಡ ನಕ್ಕುಬಿಟ್ಟ: "ಎತ್ತಿನ ನೊಗ ತಂದು ಕುರಿ ಹೆಗಲಿಗೆ ಕಟ್ಟಾಕ ಹೊಂಟೀ ನೋಡು! ಇದಕ್ಕ ಹೊಸಾ ವಿಂಡೋಸ್ ಬೇಕು. ಈ ಮುದುಕ ಕಂಪ್ಯೂಟರಿಗೆ ನಡಿಯಂಗಿಲ್ಲ."

ನಾಳೆಯೇ ಅಮಾವಾಸ್ಯೆ... ಗಂಗಾಂಬಿಕಾ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು.

ಸ್ವಲ್ಪ ಹೊತ್ತಿಗೆ ಬಾಗಿಲಲ್ಲಿ ಶಿವಲೀಲಾ! ಅಂಗೈಯಲ್ಲಿ ಅದೇ ಸಣ್ಣ ಕಾರ್ಡ್.

"ಅಳೋದು ಕೇಳಿಸ್ತಕ್ಕಾ... ಇದನ್ನ ಹಚ್ಚಿ ನೋಡ್ರಿ."

"ನನ್ನ ಹಂಗಿಸಾಕ ಬಂದೀಯೇನು?"

ಶಿವಲೀಲಾ ನೆಟ್ಟಗೆ ಕಂಪ್ಯೂಟರಿನ ಬಳಿಗೆ ಹೋದಳು. ಕಾರ್ಡ್ ಸಿಕ್ಕಿಸಿದಳು. ಪುಟ್ಟ ದೀಪ ಹತ್ತಿತು. ಸಣ್ಣ ಪಿನ್ ಸರಿಯಾಗಿ ಕೂತಿತು. ಗುಂಯ್ ಎನ್ನುವ ಸದ್ದು ಮಾಯ!

"ಮತ್ತ ನೀ ಮಠಕ್ಕ ನಿಂದು ಕಳಿಸಿದ್ಯೋ ಇಲ್ಲೋ?"

"ಇಲ್ಲಕ್ಕಾ, ನಿಮ್ದ ಹೋಗ್ಲಿ."

ಹಾಗೆಂದವಳೇ ಕುತ್ತಿಗೆಯ ಮೇಲಿನ ಸೆರಗು ಸರಿಸಿದಳು. ಅಡ್ಡಕ್ಕೆ ಒಂದು ಗಾಯದ ಗೆರೆ...

"ಬ್ಯಾಸಗ್ಯಾಗ ತವರಿಗೆ ಹೋಗ್ತೇನಿ ಅಂದಿದ್ನಲ್ಲಾ... ದವಾಖಾನ್ಯಾಗಿದ್ದೆ. ಥೈರಾಯ್ಡ್ ಆಪರೇಷನ್. ಈಗ ನನ್ನ ದನಿ ಬಾಗಲಾ ದಾಟಂಗಿಲ್ಲ. ಕಾರ್ಡಿನಾಗ ಏರಿಸಿದ್ರಷ್ಟ ನಾಕ ಮಂದಿಗೆ ಕೇಳ್ತೈತಿ..."

ಗಂಗಾಂಬಿಕಾ ಮೆಲ್ಲಗೆ ಅವಳ ಕೈ ಹಿಡಿದುಕೊಂಡಳು.

"ದಿನಾ ಗ್ವಾಡಿ ಆಚೆ ನೀವು ಹಾಡ್ವಾಗ ನನಗೂ ಹೊಟ್ಟಿ ಉರೀತಿತ್ತಕ್ಕಾ... ದೇವರು ಇವರಿಗೊಬ್ಬರಿಗೇ ದನಿ ಬಿಟ್ನಲ್ಲಾ ಅಂತ. ಸಿಟ್ಟಾಗಬ್ಯಾಡ್ರಿ."

ಗಂಗಾಂಬಿಕಾ ಅವಳನ್ನು ತಬ್ಬಿಕೊಂಡು ಮನಸಾರೆ ಅತ್ತಳು.

ಆಮೇಲೆ ಶಿವಲೀಲಾಳನ್ನು ಮೈಕಿನ ಎದುರೇ ಕೂರಿಸಿದಳು. ತಾನು ಎದ್ದು ಹಿಂದೆ ಸರಿಯುತ್ತಾ, ಸರಿಯುತ್ತಾ... ಅಡಿಗೆಮನೆಯ ಹೊಸ್ತಿಲಿಗೆ ಹೋಗಿ ನಿಂತಳು.

"ಇಲ್ಲಿಂದ ನಾ ಹಾಡ್ತೀನಿ. ಹಿಡಿ ತಂಗಿ ಶ್ರುತಿ!"

ಶ್ರಾವಣದ ಮೊದಲ ಮುಂಜಾನೆ ಮಠದ ಸ್ಪೀಕರಿನಲ್ಲಿ ವಚನ ಮೊಳಗಿತು. ಯಾವ ದನಿ ಗಟ್ಟಿ, ಯಾವುದು ಮೆಲು, ಯಾರಿಗೂ ತಿಳಿಯಲಿಲ್ಲ. ಹೂ ಬಿಡಿಸುತ್ತಿದ್ದ ಹೆಂಗಸರು ಬುಟ್ಟಿ ಹಿಡಿದು ಹಾಗೇ ನಿಂತುಬಿಟ್ಟರು...

🙏

ದೇವರು ಕೊಟ್ಟ ಬಲ ಇನ್ನೊಬ್ಬರನ್ನು ಮುಳುಗಿಸಲಿಕ್ಕಲ್ಲ... ಅವರಿಗಾಗಿ ಎರಡು ಹೆಜ್ಜೆ ಹಿಂದೆ ಸರಿಯಲಿಕ್ಕೆ.

ನೀವು ಯಾರನ್ನು ನೋಡಿ ಹೊಟ್ಟೆ ಉರಿದುಕೊಂಡಿದ್ದೀರೋ, ಅವರು ಸೆರಗಿನಡಿ ಯಾವ ಗಾಯ ಮುಚ್ಚಿಕೊಂಡಿದ್ದಾರೆಂದು ಎಂದಾದರೂ ಕೇಳಿದ್ದೀರಾ?