ನಡುವೆ ಕಾಲುವೆ

“ಚಕ್ಕುಬಂದಿ ಎಲ್ಲದವ್ವ?” ಶಹಾಪುರ ಕೋರ್ಟಿನ ಕಿಟಕಿಯೊಳಗಿಂದ ಗುಮಾಸ್ತ ಮಹಾದೇವಪ್ಪ ದಾವೆಯ ಹಾಳೆಗಳನ್ನು ಶೇಖಮ್ಮನತ್ತ ಮರಳಿ ಸರಿಸಿದ. “ಹೊಲದ ನಾಕೂ ದಿಕ್ಕಿಗೆ ಏನೇನದ ಬರೀಬೇಕು. ಅದಿಲ್ಲಂದ್ರ ತಗೊಳಂಗಿಲ್ಲ. ನಿನ್ನ ವಕೀಲ್ರು ಯಾರು?”

“ಯಾರೂ ಇಲ್ರಿ. ನಾನ.”

“ಹೌದಾ? ವಕೀಲ್ರ, ಕರಿಕೋಟು ಮನ್ಯಾಗ ಬಿಟ್ಟು ಬಂದ್ರೇನು?” ಸಾಲಿನಲ್ಲಿದ್ದವರು ನಕ್ಕರು. ಶೇಖಮ್ಮ ಸೆರಗು ಬಿಗಿಹಿಡಿದಳು. ಮಹಾದೇವಪ್ಪ ಮುಂದುವರಿಸಿದ: “ನಾಳಿಂದ ಬ್ಯಾಸಗಿ ಸೂಟಿ. ಕಿಟಕಿ ಮುಚ್ಚೂದ್ರಾಗ ಬರಕೊಂಡು ಬಾ.”

ಸೂಟಿ ಮುಗಿದರೆ ಮಳೆಗಾಲ. ಕಾಲುವೆಗೆ ನೀರು ಬರುತ್ತದೆ. ಕಾಲುವೆ ಅವಳ ಹೊಲವನ್ನು ಸೀಳಿ ಹೋದ ಮೇಲೆ ಆಚೆ ಉಳಿದ ತುಂಡಿನಲ್ಲಿ, ಪಕ್ಕದ ಹೊಲದ ಅಂಬಣ್ಣ ಈ ಸಲ ಭತ್ತ ಹಚ್ಚುತ್ತಾನಂತೆ. ಕೇಳಿದರೆ, “ನಿಂದು ಕಾಲುವಿತನಕ ಅಷ್ಟ” ಎನ್ನುತ್ತಾನೆ.

ಅಂಗಳದ ಬೇವಿನ ನೆರಳಿನಲ್ಲಿ ಕೂತು ಅವಳು ಕಣ್ಣು ಮುಚ್ಚಿದಳು. ಹೊಲ ತಾನಾಗಿ ಬಂತು. ಪೂರ್ವಕ್ಕೆ ಗುರುಲಿಂಗಮ್ಮನ ತೊಗರಿ. ಉತ್ತರಕ್ಕೆ ಹಳ್ಳ, ದಕ್ಷಿಣಕ್ಕೆ ಗೋಗಿ ಊರಿಗೆ ಹೋಗುವ ಬಂಡಿದಾರಿ. ಪಶ್ಚಿಮಕ್ಕೆ ನಡೆದಳು. ಮನೆಯ ಕುರಿಗಳೂ ಜೊತೆಗೆ ಬಂದವು. ಹತ್ತಿಯ ಸಾಲುಗಳು ಮುಗಿಯಲೇ ಇಲ್ಲ. ಸದ್ದಿಲ್ಲ, ಗಾಳಿಯಿಲ್ಲ, ಎಲ್ಲಿಯೂ ನೀರಿಲ್ಲ. ತೀರಾ ಕೊನೆಗೆ, ತೀರಿಹೋದ ಅವ್ವ ಮಡಿಲ ತುಂಬ ಹತ್ತಿ ಕಟ್ಟಿಕೊಂಡು ಬದುವಿನ ಮೇಲೆ ನಿಂತಿದ್ದಳು. “ಇಲ್ಲೀತನಕ ಬರಾಕ ಇಷ್ಟು ಹೊತ್ತೇನ?” ಎಂದಳು.

ಶೇಖಮ್ಮ ಬರೆದು ತಂದಾಗ ಕಿಟಕಿಯ ಒಂದು ಬಾಗಿಲು ಮುಚ್ಚಿತ್ತು.

“‘ಪಶ್ಚಿಮಕ್ಕೆ ಅಂಬಣ್ಣನ ಹೊಲದ ಬದು.’ ಕಾಲುವಿ ಎಲ್ಲಿ ಹೋಯ್ತವ್ವ?” ಮಹಾದೇವಪ್ಪ ತನ್ನ ಪೆನ್ನನ್ನೇ ಚಾಚಿದ. “ಹೊಡದಾಕಿ ‘ಪಶ್ಚಿಮಕ್ಕೆ ಕಾಲುವೆ’ ಅಂತ ಬರಿ. ಆ ಕಡಿ ಊರವರೆಲ್ಲ ಹಂಗ ಬರೀತಾರ. ಈಗಿಂದೀಗ ಮೊಹರು ಒತ್ತತೀನಿ.”

ಪೆನ್ನು ಬೆಚ್ಚಗಿತ್ತು. ಅಷ್ಟು ಬರೆದರೆ ದಾವೆ ಒಳಗೆ ಹೋಗುತ್ತದೆ, ಅರ್ಧ ಹೊಲ ಹೊರಗೆ ಉಳಿಯುತ್ತದೆ. ಅವಳು ಪಶ್ಚಿಮವನ್ನು ಮುಟ್ಟಲಿಲ್ಲ. ನಾಲ್ಕು ಸಾಲುಗಳ ಕೆಳಗೆ ಇನ್ನೊಂದು ಬರೆದಳು: ‘ನಡುವೆ ಕಾಲುವೆ.’

“ನಡುವಂದ್ರ ಅದ್ಯಾವ ದಿಕ್ಕವ್ವ?” ಎನ್ನುತ್ತಲೇ ಮಹಾದೇವಪ್ಪ ಮೊಹರಿಗೆ ಕೈ ಹಾಕಿದ.

ಶೇಖಮ್ಮ ತಲೆ ಎತ್ತಿದಳು. “ನೀರು ನಮ್ಮ ಹೊಲದಾಗ ಬಂದದರಿ. ನಾವು ನೀರಿನ ದಂಡಿಗೆ ಬಂದಿಲ್ಲ.”