ಅತ್ತೆಯ ಬಾಚಣಿಗೆ

ಬೆಳ್ಳುಳ್ಳಿ ಜಜ್ಜಿದ ವಾಸನೆ ಬಂದರೆ ಇಂದಿಗೂ ನನ್ನ ನೆತ್ತಿ ಉರಿಯುತ್ತದೆ.

ಒಂಬತ್ತನೆಯ ವಯಸ್ಸಿನಲ್ಲಿ ನನ್ನ ತಲೆಯ ಎರಡು ಕಡೆ ಕೂದಲು ಉದುರಿ, ಅಡಿಕೆಯಗಲ ನುಣ್ಣಗಾಗಿತ್ತು. ರಜೆಗೆಂದು ಪುಂಜಾಲಕಟ್ಟೆಯ ಸೋದರಮಾವನ ಮನೆಗೆ ಹೋದಾಗ ಅತ್ತೆ ಆ ಬೋಳು ಜಾಗಗಳಿಗೆ ಬೆಳ್ಳುಳ್ಳಿ ಜಜ್ಜಿ ತಿಕ್ಕಿದರು. ಚರ್ಮ ಸುಲಿಯಿತು.

“ಇದು ಹುಳ ತಿಂದದ್ದು, ಎಲ್ಲರಿಗೂ ಹರಡ್ತದೆ. ನೀನು ಹೊರಗೆ ಜಗಲಿಯಲ್ಲೇ ಊಟ ಮಾಡು” ಎಂದರು. ಒಳಗೆ ಅವರ ಮಕ್ಕಳು ನಗುತ್ತಿದ್ದರು.

ಮಧ್ಯಾಹ್ನ ಅತ್ತೆ ಮಲಗಿದಾಗ ಅವರ ಬಾಚಣಿಗೆಯನ್ನು ನನ್ನ ಬೋಳು ಜಾಗಕ್ಕೆ ಚೆನ್ನಾಗಿ ಉಜ್ಜಿ, ಇದ್ದಲ್ಲೇ ಇಟ್ಟೆ. ಅವರ ಜಡೆ ಮೊಣಕಾಲು ಮುಟ್ಟುತ್ತಿತ್ತು.

ಮರುವಾರ ಬಂಟ್ವಾಳದ ಚರ್ಮದ ಡಾಕ್ಟರು ಅಮ್ಮನಿಗೆ, “ಹುಳ ಅಲ್ಲ ಇದು. ಮುಲಾಮು ಹಚ್ಚಿ, ಕೂದಲು ಬರ್ತದೆ. ಯಾರಿಗೂ ಅಂಟುವುದಿಲ್ಲ” ಎಂದರು. ಅಮ್ಮ ಕೈಮುಗಿದಳು.

“ಯಾರಿಗೂ ಅಂಟುವುದಿಲ್ವಾ?” ಎಂದು ನಾನು ಕೇಳಿದೆ.

“ಯಾರಿಗೂ ಇಲ್ಲ. ಹೆದರಬೇಡ ಮಗಾ.”

ನಾನು ಅಲ್ಲೇ ಅತ್ತುಬಿಟ್ಟೆ.